ಬಿಳಿ ಟ್ರೇಗೆ ಬಾರದ ಹುಳಗಳು

ಶನಿವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತಿದೆವು. ನನ್ನದು ಹೆಂಗಸರ ಬಿಟ್ಟಿ ಟಿಕೆಟ್ಟು, ಮೇಷ್ಟ್ರಿಗೆ ಮೂವತ್ತು ರೂಪಾಯಿ. ಶಿವಲಿಂಗಪ್ಪ ಮೇಷ್ಟ್ರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಹಳ್ಳಗಳಲ್ಲಿ ಹುಳ ಹಿಡಿದು, ಅವನ್ನು ನೋಡಿ ನೀರಿನ ಆರೋಗ್ಯ ಹೇಳುತ್ತಾರೆ. ಅವರು ಎಣಿಸಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಅವರ ಬಲೆಯ ಕೋಲು ಬಾಗಿಲಿಗೆ ಅಡ್ಡವಾಯಿತು.

"ಮೀನು ಸಿಕ್ರೆ ನಮ್ಗೂ ಎರಡು ಮಡಗಿ ಮೇಷ್ಟ್ರೇ" ಅಂದ ಕಂಡಕ್ಟರ್.

"ನಾವು ಹಿಡಿಯೋದ್ನ ನೀನು ತಿನ್ನಲ್ಲ ಕಣಪ್ಪಾ" ಅಂದರು ಮೇಷ್ಟ್ರು.

ತರೀಕೆರೆಯಲ್ಲಿ ಇಡ್ಲಿ ತಿಂದು ಆಟೋ ಹಿಡಿದೆವು. ಅಲ್ಲಿಂದ ಏಳು ಕಿಲೋಮೀಟರ್. ಮೋಡವಿತ್ತು, ಮಳೆ ಇರಲಿಲ್ಲ. ಹೊರಟಿದ್ದು ನನ್ನ ದೊಡ್ಡಮ್ಮನ ಮಗಳು ಪುಟ್ಟಕ್ಕನ ಊರಿಗೆ. ಹೊಸ ಬಡಾವಣೆಯ ಚರಂಡಿ ನೀರನ್ನು ಅವರ ಹಳ್ಳಕ್ಕೆ ಬಿಡುತ್ತೇವೆಂದು ತಾಲ್ಲೂಕು ಕಚೇರಿಯಿಂದ ನೋಟೀಸು ಬಂದಿತ್ತು. ಸೇತುವೆ ಬಳಿ ನೀರು ಆಗಲೇ ಕೆಟ್ಟಿದೆ, ಆದ್ದರಿಂದ ಅಡ್ಡಿಯಿಲ್ಲ ಎಂದು ಅದರಲ್ಲಿತ್ತು. ತಕರಾರು ಕೊಡಲು ಸೋಮವಾರವೇ ಕೊನೆ. ಊರಿನ ದನ ಕುಡಿಯುವುದು, ಹೆಂಗಸರು ಬಳಸುವುದು ಆ ನೀರನ್ನೇ. ಅದು ಚೆನ್ನಾಗಿದೆ ಎಂದು ನೋಡಿ ಬರೆದುಕೊಡಿ ಎಂದು ಅಕ್ಕ ಕರೆಸಿದ್ದಳು. ಹುಳ ನೋಡುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದೆ. ಯಾವ ಹುಳ, ಏಕೆ ಎಂದು ಬಿಡಿಸಿ ಹೇಳಿರಲಿಲ್ಲ.

ಸೇತುವೆ ಕೆಳಗೆ ಹಳ್ಳ ಥಳಥಳ ಹೊಳೆಯುತ್ತಿತ್ತು. ತಳದಲ್ಲಿ ಒಂದು ಎಲೆಯೂ ಇರಲಿಲ್ಲ. ಕಲ್ಲುಗಳನ್ನೆಲ್ಲ ಉಜ್ಜಿ ದಡದಲ್ಲಿ ಪೇರಿಸಿದ್ದರು.

"ಎಂಟು ಜನ ಹೆಂಗಸ್ರು ಮೂರು ದಿನ ದುಡಿದಿದೀವಿ ಕಣೇ" ಅಂದಳು ಅಲ್ಲೇ ಕಾಯುತ್ತಿದ್ದ ಅಕ್ಕ. "ನೋಡಕ್ ಬತ್ತಾರೆ ಅಂದ್ಮೇಲೆ ಹಂಗೇ ಬಿಡಕ್ಕಾಯ್ತದಾ? ಹುಳ ಬೇಜಾನ್ ಇದ್ವು. ನಿನ್ನೆ ಟ್ಯಾಂಕಿಗೆ ಹಾಕೋ ಬ್ಲೀಚಿಂಗ್ ಪೌಡರ್ ಎರಚಿಸ್ದೆ. ಒಂದೂ ಉಳಿದಿಲ್ಲ."

ಮೇಷ್ಟ್ರು ಪ್ಯಾಂಟು ಮಡಚಿ ಇಳಿದರು. ಬಲೆಯನ್ನು ಹರಿವಿಗೆ ಎದುರು ಹಿಡಿದು, ಹಿಮ್ಮಡಿಯಿಂದ ತಳ ಕೆದಕಿ, ಬಿಳಿ ಟ್ರೇಗೆ ಸುರಿದರು. ಐದು ಕಡೆ ನೋಡಿದರು. ಬರೀ ಮರಳು. ಕೊಳಚೆಯಲ್ಲೂ ಬದುಕುವ ಕೆಂಪು ಹುಳ ಕೂಡ ಇರಲಿಲ್ಲ.

"ನೀರು ಚೆನ್ನಾಗಿದೆ ಅನ್ನೋಕೆ ಆ ಹುಳಗಳೇ ನಿಮ್ಮ ಸಾಕ್ಷಿ ಆಗಿದ್ವು ಕಣಮ್ಮಾ" ಅಂದರು, ಮೆಲ್ಲಗೆ.

ಅಕ್ಕ ದಡದಲ್ಲಿ ಕುಳಿತುಬಿಟ್ಟಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮೂವರೂ ಅರ್ಧ ಮೈಲಿ ಮೇಲಕ್ಕೆ ನಡೆದೆವು. ಅಲ್ಲಿಗೆ ಯಾರ ಪೊರಕೆಯೂ ಮುಟ್ಟಿರಲಿಲ್ಲ. ಮೊದಲನೇ ಕಲ್ಲು ತಿರುಗಿಸಿದಾಗಲೇ ಮೂರು ಬಾಲದ ಮರಿಹುಳಗಳು ಹರಿದಾಡಿದವು. ಮರಳುಕಣ ಅಂಟಿಸಿಕೊಂಡು ಗೂಡು ಕಟ್ಟುವ ಹುಳಗಳೂ ಇದ್ದವು. ಇವು ಕೊಳಕು ನೀರಿನಲ್ಲಿ ಉಳಿಯುವುದಿಲ್ಲ. ಮೇಷ್ಟ್ರು ಎಣಿಸಿದರು, ನಾನು ಬರೆದೆ. ನೀರಿನೊಂದಿಗೆ ತೇಲಿ ಇವು ಮತ್ತೆ ಸೇತುವೆ ತನಕ ಹೋಗುತ್ತವೆಯಂತೆ. ಅದಕ್ಕೆ ವಾರಗಳು ಬೇಕು.

"ಒಂದ್ ಕೊಡದಾಗೆ ತುಂಬ್ಕಂಡು ಹೋಗಿ ಸೇತ್ವೆ ತಾವ ಬಿಟ್ಬಿಡಾನ" ಅಂದಳು ಅಕ್ಕ. "ಯಾರ್ ನೋಡ್ತಾರೆ?"

"ಗೊತ್ತಾದ್ರೆ ಆಮೇಲೆ ಈ ಮೇಲಿನ ಲೆಕ್ಕಾನೂ ಯಾರೂ ನಂಬಲ್ಲಮ್ಮ. ಎರಡು ಕಡೇದೂ ಬರೆಯೋಣ. ಕೆಳಗೆ ಯಾಕೆ ಇಲ್ಲ ಅನ್ನೋದನ್ನೂ ಬರೀಬೇಕು" ಅಂದರು ಮೇಷ್ಟ್ರು.

"ಬರುದ್ರೆ ಊರಾಗೆ ನಾನ್ ತಲೆ ಎತ್ಕಂಡು ತಿರುಗಕ್ಕಾಯ್ತದಾ?"

"ನಾನು ಫೋನಲ್ಲಿ ಸರಿಯಾಗಿ ಹೇಳ್ಲಿಲ್ಲ ಅಕ್ಕ. ಅದನ್ನೂ ಬರೀತೀನಿ" ಅಂದೆ.

"ನೀನು ಸುಮ್ಕಿರು" ಅಂದಳು. "ಎರಚಿಸ್ದೋಳು ನಾನು ಅಂತ ಬರಿ. ಮಿಕ್ಕ ಹೆಂಗಸ್ರ ಹೆಸ್ರು ಬ್ಯಾಡ."

ಹಾಗೇ ಬರೆದೆ. ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದಳು. ಸೋಮವಾರ ತಾನೇ ಕಚೇರಿಗೆ ಒಯ್ಯುವುದಾಗಿ ಹಾಳೆ ಮಡಚಿ ಇಟ್ಟುಕೊಂಡಳು. ಈ ಕಾರಣವನ್ನು ಅಲ್ಲಿ ಒಪ್ಪುತ್ತಾರೋ ಇಲ್ಲವೋ, ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಅವಳ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡೆವು. ಮೂರೂವರೆಗೆ ಆಟೋ ಬಂತು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಕ್ಕ ಒಳಗೆ ಹೋಗಿರಲಿಲ್ಲ. ಜೊತೆಗೆ ದುಡಿದವಳೊಬ್ಬಳ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಾಳೆ ಕೈಯಲ್ಲಿ ಹಿಡಿದು, ಅದರಲ್ಲಿ ಬರೆಸಿದ್ದನ್ನು ಹೇಳಲು ಅವಳನ್ನು ಹೊರಕ್ಕೆ ಕರೆಯುತ್ತಿದ್ದಳು.