ಸಿಂಧನೂರಿನ ಲಾಡ್ಜಿನಲ್ಲಿ ಜಾಂಜಿಬಾರ್

ಮಸ್ಕಿಯ ಶಿಲಾಶಾಸನ ನೋಡಿಕೊಂಡು ಸಂಜೆ ಸಿಂಧನೂರಿನ ಲಾಡ್ಜೊಂದಕ್ಕೆ ಹೋದೆವು. ಯಾವ ದೇಶ ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದಾಗ ಗೆಳತಿ ಸಲ್ಮಾ "ಜಾಂಜಿಬಾರ್" ಎಂದಳು. ಪಾಸ್‌ಪೋರ್ಟಿನಲ್ಲಿ ಟಾಂಜಾನಿಯಾ ಎಂದಿತ್ತು. ಅವರು ಫೋಟೊವನ್ನೂ ಅವಳ ಮುಖವನ್ನೂ ಮತ್ತೆ ಮತ್ತೆ ನೋಡಿದರು.

"ಒಬ್ರಿಗೆ ಎರಡು ದೇಶ ಹ್ಯಾಂಗ್ರೀ ಮೇಡಂ?"

ಅದು ಟಾಂಜಾನಿಯಾಕ್ಕೆ ಸೇರಿದ ದ್ವೀಪ, ಆದರೆ ಅದಕ್ಕೆ ತನ್ನದೇ ಅಧ್ಯಕ್ಷ, ತನ್ನದೇ ಬಾವುಟ ಇವೆ ಎಂದೆ. ಅವರ ಅನುಮಾನ ಇನ್ನೂ ಹೆಚ್ಚಾಯಿತು.

"ಅಧ್ಯಕ್ಷ ಬ್ಯಾರೆ, ಝಂಡಾ ಬ್ಯಾರೆ, ಪಾಸ್‌ಪೋರ್ಟ್ ಮಾತ್ರ ಟಾಂಜಾನಿಯಾದ್ದಾ? ನಾಳೆ ಪೊಲೀಸ್ರು ಕೇಳಿದ್ರ ನಾ ಏನ್ ಹೇಳ್ಲಿ? ರೂಮ್ ಖಾಲಿ ಇಲ್ರೀ."

ಅವರ ಬೆನ್ನ ಹಿಂದೆ ಗೋಡೆಯ ತುಂಬ ಕೀಲಿಕೈಗಳು ತೂಗುತ್ತಿದ್ದವು. ದಣಿದಿದ್ದ ನಾನು, "ಅದೊಂದು ಜಿಲ್ಲೆ ಇದ್ದ ಹಾಗೆ ಸಾರ್, ನಿಮ್ಮ ರಾಯಚೂರಿನ ಥರ" ಎಂದುಬಿಟ್ಟೆ.

"ಹಂಗಂತ ಮೊದ್ಲೇ ಹೇಳ್ಬಾರದೇನ್ರೀ!" ಎಂದು ನಕ್ಕು ಕೀಲಿಕೈ ಕೊಟ್ಟರು.

ಕನ್ನಡ ಬಾರದ ಸಲ್ಮಾ ಮೆಟ್ಟಿಲು ಹತ್ತುವಾಗ ಕೇಳಿದಳು: "ಅವರಿಗೆ ಏನು ಹೇಳಿದೆ?"

"ಜಾಂಜಿಬಾರ್ ಅಂದರೆ ಏನೆಂದು ವಿವರಿಸಿದೆ."

ಅವಳು ಅಲ್ಲೇ ನಿಂತು ನನ್ನನ್ನು ದಿಟ್ಟಿಸಿದಳು.

"ಅದನ್ನು ಜಾಂಜಿಬಾರಿನವರಾದ ನಾವೇ ಇಷ್ಟು ವರ್ಷಗಳಿಂದ ಚರ್ಚಿಸುತ್ತಿದ್ದೇವೆ, ಇನ್ನೂ ಮುಗಿದಿಲ್ಲ. ಅವರಿಗೆ ಒಂದೇ ಮಾತಿನಲ್ಲಿ ಹೇಗೆ ಅರ್ಥವಾಯಿತು?"