‘ಚರ್ಮ ಸರಿಯಾಗಿದೆ’ ಎಂದು ಬರೆದವಳು

ಹಾಸಿಗೆ ಹಿಡಿದವರ ಮೈಯಲ್ಲಿ ಕೆಂಪಾದ ಜಾಗವನ್ನು ತಿಕ್ಕಬಾರದು. ತಿಕ್ಕಿದರೆ ಒಳಗೊಳಗೇ ಹುಣ್ಣಾಗುತ್ತದೆ. ಇದನ್ನು ಹೇಳಿಕೊಡಲು ಅರ್ಧ ನಿಮಿಷ ಸಾಕು. ಗುಂಡಿ ಅಕ್ಕನಿಗೆ ಆ ಅರ್ಧ ನಿಮಿಷವನ್ನು ಯಾರೂ ಕೊಡಲಿಲ್ಲ.

ಅಂಗಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಗುಂಡಿ ಹೊಲಿದದ್ದಕ್ಕೆ ಓಣಿಯವರು ಇಟ್ಟ ಹೆಸರು ಅದು. ಕಾರ್ಖಾನೆಗೆ ಬೀಗ ಬಿದ್ದಾಗ, ರೋಗಿಗಳ ಆರೈಕೆಗೆ ಮನೆಮನೆಗೆ ಜನ ಕಳಿಸುವ ಸಂಸ್ಥೆಯೊಂದು ಅವಳನ್ನು ಕರೆಯಿತು. ಮಹಡಿ ಮೇಲೆ ಒಂದೇ ಕೋಣೆಯ ಆಫೀಸು, ಗೋಡೆ ತುಂಬ ನಗುವ ಮುದುಕರ ಫೋಟೊ. ಅಲ್ಲಿನ ಮೇಲ್ವಿಚಾರಕಿ ಆರು ಹಾಳೆ ಮುಂದಿಟ್ಟು ಸಹಿ ಹಾಕು ಅಂದಳು. ಯಾತಕ್ಕೆ ಎಂದು ಕೇಳಿದರೆ ತೊಡುವ ಕೋಟಿಗೆ, ಐಡಿ ಕಾರ್ಡಿಗೆ, ಇನ್ನೇನೇನಕ್ಕೋ ಅಂದಳು. ತರಬೇತಿ ಯಾವಾಗ ಎಂದದ್ದಕ್ಕೆ, "ಮಕ್ಕಳನ್ನ ಸಾಕಿಲ್ವೇನಮ್ಮ? ಹಾಗೇನೇ, ಸ್ವಲ್ಪ ದೊಡ್ಡ ಮಗು" ಎಂದು ನಕ್ಕಳು. ಗುಂಡಿ ಅಕ್ಕನೂ ನಕ್ಕು, ಓದದೆಯೇ ಆರಕ್ಕೂ ಸಹಿ ಹಾಕಿದಳು. ಮರುದಿನವೇ ಬಿಳಿ ಕೋಟು ತೊಟ್ಟು ಹೊರಟಳು.

ಅವಳಿಗೆ ಒಪ್ಪಿಸಿದ್ದು ಲಕ್ವ ಹೊಡೆದು ಎಡಗಡೆ ಮೈಯ ಸ್ವಾಧೀನವೇ ತಪ್ಪಿದ್ದ ಒಬ್ಬ ಟೀಚರಮ್ಮನನ್ನು. ಮಗಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆಗೇ. ಮೈ ಒರೆಸಿ ಬಟ್ಟೆ ಬದಲಿಸುವುದೆಲ್ಲ ಗುಂಡಿ ಅಕ್ಕನ ಪಾಲಿಗೇ. ಟೀಚರಮ್ಮನ ಮೈ ಬಿದ್ದಿತ್ತು, ಬಾಯಿ ಬಿದ್ದಿರಲಿಲ್ಲ. ಮೊದಲ ದಿನ ಕೋಟು ನೋಡಿದವರೇ, "ಬನ್ನಿ ಡಾಕ್ಟ್ರೇ, ಎಷ್ಟನೇ ಕ್ಲಾಸಲ್ಲಿ ನಪಾಸಾದ್ರಿ?" ಎಂದರು. ಎಂಟನೇ ಕ್ಲಾಸು, ಅದೂ ಲೆಕ್ಕದಲ್ಲಿ ಎಂದು ಇವಳು ಹೇಳಿದಾಗ ಅರ್ಧ ತುಟಿಯಲ್ಲೇ ನಕ್ಕರು. ಅವರು ಕಲಿಸುತ್ತಿದ್ದದ್ದು ಲೆಕ್ಕವನ್ನೇ. ಅಲ್ಲಿಂದಾಚೆಗೆ ಇಬ್ಬರೂ ಒಂದಾದರು.

ಮೂರನೇ ವಾರ ಮೈ ಒರೆಸುವಾಗ ಎಡ ಸೊಂಟದ ಕೆಳಗೆ ಅಂಗೈ ಅಗಲ ಕೆಂಪಗಾಗಿದ್ದು ಕಂಡಿತು. ರಕ್ತ ಕಟ್ಟಿರಬೇಕು, ತಿಕ್ಕಿದರೆ ಹರಿದಾಡುತ್ತದೆ ಎಂದುಕೊಂಡಳು. ಕಾರ್ಖಾನೆಯಲ್ಲಿ ಕೂತು ಕೂತು ಸೊಂಟ ಹಿಡಿದಾಗ ಹೆಂಗಸರು ಒಬ್ಬರಿಗೊಬ್ಬರು ಮಾಡುತ್ತಿದ್ದದ್ದು ಅದನ್ನೇ. ಎಣ್ಣೆ ಬೆಚ್ಚಗೆ ಮಾಡಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಕೈ ಸೋಲುವ ತನಕ ಉಜ್ಜಿದಳು. ಸಂಬಳಕ್ಕೆ ಬಂದವರು ಯಾರೂ ಹಾಗೆ ಉಜ್ಜುವುದಿಲ್ಲ. ಟೀಚರಮ್ಮನಿಗೆ ಅಲ್ಲಿ ನೋವೇ ತಿಳಿಯುತ್ತಿರಲಿಲ್ಲ. ನಮ್ಮ ಡಾಕ್ಟ್ರದು ಒಳ್ಳೆ ಕೈಗುಣ ಎಂದು ಮಗಳ ಮುಂದೆ ಹೊಗಳಿದರು. ನಾಲ್ಕನೇ ದಿನ ಚರ್ಮ ಕಿತ್ತು ಕೈಗೇ ಬಂತು.

ಗುಂಡಿ ಅಕ್ಕ ಕೂಡಲೇ ಆಫೀಸಿಗೆ ಫೋನ್ ಮಾಡಿ, ನರ್ಸನ್ನು ಕಳಿಸಿ, ಮಗಳಿಗೂ ಹೇಳ್ತೀನಿ ಅಂದಳು. ಮೇಲ್ವಿಚಾರಕಿಯ ದನಿ ಬೆಣ್ಣೆಯಂತಿತ್ತು. ನರ್ಸ್ ನಾಳೆ ಬರ್ತಾಳೆ, ಮನೆಯವರನ್ನ ಗಾಬರಿ ಮಾಡಬೇಡ, ದಿನದ ವರದಿ ಪುಸ್ತಕದಲ್ಲಿ ‘ಚರ್ಮ ಸರಿಯಾಗಿದೆ’ ಅಂತ ಬರಿ, ಉಳಿದದ್ದು ನನಗೆ ಬಿಡು ಅಂದಳು. ಗುಂಡಿ ಅಕ್ಕ ಬರೆದಳು. ಮರುದಿನವೂ ಬರೆದಳು, ಅದರ ಮರುದಿನವೂ. ಅಮ್ಮ ಹೇಗಿದ್ದಾಳೆ ಅಕ್ಕ ಎಂದು ಮಗಳು ಕೇಳಿದಾಗಲೆಲ್ಲ, ಚೆನ್ನಾಗಿದ್ದಾರೆ ಎನ್ನುತ್ತ ಮುಖ ತಪ್ಪಿಸಿ ಚಪ್ಪಲಿ ಮೆಟ್ಟಿದಳು. ನರ್ಸ್ ಬರಲೇ ಇಲ್ಲ.

ಹೀಗೇ ವಾರ ಕಳೆದ ಮೇಲೆ ವಾಸನೆಯೇ ಸುದ್ದಿ ಹೇಳಿತು. ಮಗಳು ಹೊದಿಕೆ ಎತ್ತಿ ನೋಡಿದಳು. ಅಷ್ಟರಲ್ಲಿ ಟೀಚರಮ್ಮನಿಗೆ ಜ್ವರ ಏರಿತ್ತು. ಆಸ್ಪತ್ರೆಯಲ್ಲಿ ಕೊಳೆತದ್ದನ್ನೆಲ್ಲ ಮೂಳೆ ಕಾಣುವವರೆಗೆ ಕತ್ತರಿಸಿ ತೆಗೆದರು.

ಮೇಲ್ವಿಚಾರಕಿ ಕಂಕುಳಲ್ಲಿ ಫೈಲು ಇಟ್ಟುಕೊಂಡು ಆಸ್ಪತ್ರೆಗೆ ಬಂದಳು. ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದ ಗುಂಡಿ ಅಕ್ಕ, ಸದ್ಯ, ನಮ್ಮವರು ಅಂತ ಒಬ್ಬರು ಬಂದರಲ್ಲ ಎಂದು ಎದ್ದು ನಿಂತಳು. ಅವಳು ಇವಳತ್ತ ಕತ್ತು ಕೂಡ ತಿರುಗಿಸದೆ ಮಗಳ ಮುಂದೆ ಫೈಲು ಬಿಚ್ಚಿದಳು. ‘ಹಾಸಿಗೆ ಹುಣ್ಣಿನ ಬಗ್ಗೆ ನಲವತ್ತು ಗಂಟೆ ತರಬೇತಿ ಪಡೆದಿದ್ದೇನೆ’: ಕೆಳಗೆ ಗುಂಡಿ ಅಕ್ಕನ ಸಹಿ. ‘ಚರ್ಮ ಸರಿಯಾಗಿದೆ’: ಅಲ್ಲೂ ದಿನದಿನವೂ ಅವಳದೇ ಸಹಿ.

"ನಾವು ಕಲಿಸಿದ್ವಿ ಮೇಡಂ, ಇವಳು ಮುಚ್ಚಿಟ್ಟಳು. ಕೆಲಸದಿಂದ ತೆಗೆದಿದ್ದೀವಿ. ಬೇಕಿದ್ರೆ ಬೇರೆಯವರನ್ನ ಕಳಿಸ್ತೀವಿ."

ನೀವೇ ಅಲ್ವಾ ಹಾಗೆ ಬರಿ ಅಂದಿದ್ದು ಎಂದು ಗುಂಡಿ ಅಕ್ಕ ತೊದಲಿದಳು. ಫೋನಿನಲ್ಲಿ ಆಡಿದ ಮಾತಿಗೆ ಯಾವ ಹಾಳೆಯಲ್ಲೂ ಸಹಿ ಇರಲಿಲ್ಲ. ಮಗಳು ಕೂಗಾಡಲಿಲ್ಲ.

"ನಿಮ್ಮನ್ನ ಅಕ್ಕ ಅಂದೆನಲ್ಲ," ಎಂದಳು. "ದಿನಾ ಕೇಳ್ತಿದ್ದೆ. ಒಂದು ದಿನವಾದ್ರೂ ಹೇಳಬಾರದಿತ್ತಾ?"

ಮೇಲ್ವಿಚಾರಕಿ ಗುಂಡಿ ಅಕ್ಕನ ಕತ್ತು ಕೊಯ್ದಳು ನಿಜ; ಆದರೆ ಅವಳ ಮಾತು ಕೇಳಿ ತಾನು ಕತ್ತು ಕೊಯ್ದದ್ದು ಯಾರದ್ದು ಎಂಬುದೂ ಇವಳಿಗೆ ಗೊತ್ತು. ಆಸ್ಪತ್ರೆ ಸೇರಿದ ಹನ್ನೆರಡು ದಿನಕ್ಕೆ ಟೀಚರಮ್ಮ ತೀರಿಕೊಂಡರು. ಅವರನ್ನು ಮನೆಯಿಂದ ಎತ್ತಿಕೊಂಡು ಹೋಗುವುದನ್ನು ಗುಂಡಿ ಅಕ್ಕ ರಸ್ತೆಯ ಆಚೆ ಬದಿಯಲ್ಲೇ ನಿಂತು ನೋಡಿದಳು. ಗೇಟು ದಾಟಲು ಮುಖವಿರಲಿಲ್ಲ.

ಅದೇ ವಾರ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆಯನ್ನು ಆ ಸಂಸ್ಥೆ ಇನ್ನೊಂದು ಮನೆಗೆ ಕಳಿಸಿದೆ. ಅದು ನಿಮ್ಮ ಮನೆಯೇ ಇರಬಹುದು. ಅವಳನ್ನು ಕೂರಿಸಿಕೊಂಡು, ಈ ಕೆಲಸ ನಿನಗೆ ಕಲಿಸಿದ್ದು ಯಾರು, ಎಷ್ಟು ದಿನ ಎಂದು ಕೇಳಿ. ಗದರಬೇಡಿ, ನಿಜ ಹೇಳಿದರೆ ಅವಳ ಅನ್ನಕ್ಕೆ ಕಲ್ಲು ಬೀಳುವುದಿಲ್ಲ ಎಂದು ಮಾತು ಕೊಡಿ. ಆಮೇಲೆ ಸಂಸ್ಥೆಗೆ ಫೋನ್ ಮಾಡಿ ಇದನ್ನೇ ಕೇಳಿ, ಉತ್ತರವನ್ನು ಬರೆದುಕೊಡಿ ಎನ್ನಿ. ಬರೆದುಕೊಟ್ಟರೂ ಸರಿ, ಕೊಡದಿದ್ದರೂ ಸರಿ, ನಿಮ್ಮವರ ಮೈಯನ್ನು ಇವತ್ತೇ ನೀವೇ ಮಗ್ಗುಲಾಗಿಸಿ, ಬೆನ್ನು, ಸೊಂಟ ನೋಡಿ.