ಹಿತ್ತಿಲು ಕುಡಿದ ನೀರು

ಮೊದಲ ವರ್ಷವೇ ನನಗೆ ಅನುಮಾನ ಬಂದಿತ್ತು ಎಂದು ಬರೆಯುವುದು ಈಗ ಸುಲಭ. ಬರೆದೆ, ಹೊಡೆದುಹಾಕಿದೆ. ನಿಜವಾಗಿ ನೆನಪಿರುವುದು ನಿಂಬೆ ಗಿಡ, ಬಕೆಟ್ಟು, ಅತ್ತೆಯ ನಗು. ಅಷ್ಟೇ.

ನಮ್ಮ ಮನೆ ವಾಲ್ನಟ್ ಕ್ರೀಕ್ ಊರು ದಾಟಿ ಪೂರ್ವಕ್ಕೆ, ಗುಡ್ಡದ ಇಳಿಜಾರಿನಲ್ಲಿದೆ. ಗುಡ್ಡದೊಳಗೆ ಎಂದೋ ಮುಚ್ಚಿದ ಕಲ್ಲಿದ್ದಲು ಗಣಿ. ಸುರಂಗಗಳು ನಮ್ಮ ಬೀದಿಯಿಂದ ದೂರ ಎಂದು ಕೊಳ್ಳುವಾಗ ನಕ್ಷೆ ತೋರಿಸಿದ್ದರು. ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದೆ. ಆರು ಮಕ್ಕಳು, ಆಟವೆಲ್ಲ ಹಿತ್ತಿಲಲ್ಲಿ.

ಈ ದೇಶದಲ್ಲಿ ಗಣಪತಿಯನ್ನು ಕೆರೆಗೆ ಬಿಡುವಂತಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿ, ಮಣ್ಣು ಕರಗಿದ ಮೇಲೆ ಆ ನೀರನ್ನು ಯಾರೂ ತುಳಿಯದ ಕಡೆ ಗಿಡಕ್ಕೆ ಹಾಕುತ್ತೇವೆ. ನಿಂಬೆ ಗಿಡಕ್ಕೆ ಹಾಕಿದ ಮೊದಲ ವರ್ಷ, ಮಂಡ್ಯದಿಂದ ಬಂದಿದ್ದ ಅತ್ತೆ ಅದರ ಬುಡಕ್ಕೆ ಬಕೆಟ್ಟು ಬಗ್ಗಿಸಿದರು. ನೀರು ನಿಲ್ಲಲಿಲ್ಲ. ಕೆಸರೂ ಉಳಿಯಲಿಲ್ಲ.

"ಏನವ್ವ ಇದು, ನಿಮ್ಮೂರ್ ಮಣ್ಗೆ ಇಷ್ಟೊಂದ್ ದಾಹ! ಗಣಪ್ಪ ಒಂದೇ ಗುಟುಕ್ಗೆ ಹೋದ ನೋಡು."

ಮುಂದಿನ ವರ್ಷ ಅಪಾರ್ಟ್‌ಮೆಂಟಿನಲ್ಲಿರುವ ಗೆಳೆಯರೂ ಬಕೆಟ್ಟು ತಂದರು. ಸ್ಯಾನ್ ಮಟಿಯೋದಿಂದ ಫ್ರೀವೇ ಉದ್ದಕ್ಕೂ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳೊಬ್ಬಳು, "ನಿಮ್ಮನೇಲಿ ವಿಸರ್ಜನೆ ಸೂಪರ್ ಕಣ್ರೀ, ಸಿಂಕ್ ಥರ ಎಳ್ಕೊಳತ್ತೆ!" ಎಂದಳು. ಎಲ್ಲರೂ ನಕ್ಕೆವು. ನಾನೂ.

ಆ ಚಳಿಗಾಲ ಮಳೆ ಜೋರಾಗಿತ್ತು. ಹಿತ್ತಿಲ ನೀರೆಲ್ಲ ಗಿಡದ ಕಡೆಗೇ ಹರಿದು ಕಾಣೆಯಾಗುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಕೆಳಗಿನಿಂದ ಬಿಂದಿಗೆ ತುಂಬುವಂಥ ಸದ್ದು. ಬಿಂದಿಗೆ ಎಂದೂ ತುಂಬುತ್ತಿರಲಿಲ್ಲ. ಒಂದೇ ಸಲ ಕೇಳಿದ್ದೋ, ದಿನವೂ ಕೇಳಿದ್ದೋ, ಖಚಿತವಿಲ್ಲ. ಡೇಕೇರಿನ ನಾಲ್ಕು ವರ್ಷದ ಹುಡುಗಿಯೊಬ್ಬಳು ನೆಲಕ್ಕೆ ಕಿವಿಯಿಟ್ಟು ಮಲಗಿದ್ದು ಮಾತ್ರ ಖಚಿತ.

"ಆಂಟಿ, ಸಮ್‌ಬಡೀಸ್ ಡ್ರಿಂಕಿಂಗ್."

"ಏಳು ಪುಟ್ಟಾ, ಬಟ್ಟೆ ಒದ್ದೆ ಆಗತ್ತೆ," ಎಂದೆ.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ, ಗಣಿಯ ನೀರು ನೋಡಿಕೊಳ್ಳುವವನೊಬ್ಬ ಬಾಗಿಲು ತಟ್ಟಿದ. ಗುಡ್ಡದ ಕೆಳಗೆ ಆ ನೀರು ಹೊರಬೀಳುವಲ್ಲಿ ಜಾಲರಿಯಿದೆ, ಅದನ್ನು ತೊಳೆಯುವಾಗ ಇವು ಸಿಕ್ಕವು ಎಂದು ಅಂಗೈ ಬಿಚ್ಚಿದ. ಗುಲಗಂಜಿ. ಮಣ್ಣಿನ ಗಣಪತಿಗೆ ನಾವು ಕಣ್ಣಾಗಿ ಒತ್ತುವ ಬೀಜ. ಅಷ್ಟು ಕತ್ತಲೆ ಹಾದು ಬಂದರೂ ಕೆಂಪು ಮಾಸಿರಲಿಲ್ಲ. ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

ನೀರು ಬರೀ ಇಂಗಿದ್ದರೆ ಮಣ್ಣು ಅದನ್ನು ಸೋಸುತ್ತಿತ್ತು, ಬೀಜ ಬಂದಿದೆಯೆಂದರೆ ಯಾರದೋ ಮನೆಯ ಬಳಿ ನೆಲ ಟೊಳ್ಳಾಗಿ ಗಣಿಗೆ ದಾರಿ ತೆರೆದಿದೆ ಎಂದ. ಇವನ್ನು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದ.

ಹೌದೆಂದರೆ ಡೇಕೇರ್ ಮುಚ್ಚಬೇಕು. ಹನ್ನೊಂದು ವರ್ಷದ ಕೆಲಸ. ತಕ್ಷಣ ಹೌದೆಂದೆ ಎಂದು ಗಂಡನಿಗೆ ಹೇಳಿದ್ದೇನೆ. ಹಾಗೇ ನೆನಪೂ ಇದೆ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ. ನಿಜವಾಗಿ, ಮೊದಲು ಇಲ್ಲವೆಂದು ತಲೆಯಾಡಿಸಿದೆ. ಅವನು ಗೇಟಿನ ತನಕ ಹೋಗಿದ್ದ.

ಆಗ ಹಿತ್ತಿಲಲ್ಲಿ ಮಕ್ಕಳ ಗಲಾಟೆ ನಿಂತಿದ್ದು ಗೊತ್ತಾಯಿತು. ಕಿಟಕಿಯಿಂದ ನೋಡಿದೆ. ಆರೂ ಮಕ್ಕಳು ನಿಂಬೆ ಗಿಡದ ಸುತ್ತ ಮಲಗಿ ನೆಲಕ್ಕೆ ಕಿವಿಯಿಟ್ಟಿದ್ದವು.

ಅವನನ್ನು ಕೂಗಿದೆ. ಅವನು ವಾಪಸು ಬರುವಷ್ಟರಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಓಡಬೇಡಿ, ಮೆಲ್ಲಗೆ ಕಾಲಿಡಿ ಎನ್ನುತ್ತ ಒಳಗೆ ಕರೆದುಕೊಂಡೆ. ಕೊನೆಗೆ ಬಂದ ಅದೇ ನಾಲ್ಕು ವರ್ಷದ ಹುಡುಗಿ ಹೊಸಿಲಲ್ಲಿ ನಿಂತು, ಹಿಂತಿರುಗಿ, ನೆಲಕ್ಕೆ ಟಾಟಾ ಮಾಡಿದಳು.